ಬೈಪೋಲಾರ್ ಇರುವ ತಮ್ಮನಿಗೆ ನಿದ್ದೆ ಥೆರಪಿ: ಮಾಡಿಸಿದವರು ಹೇಳಿ

ಹೊಸನಗರ ಕಡೆಯಿಂದ ಕೇಳಿದ್ದು:
ತಮ್ಮನಿಗೆ ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ಪೂರ್ತಿ ಕುಗ್ಗಿಹೋಗುವ ಕಾಯಿಲೆ. ಮಾತ್ರೆ ತಪ್ಪಿಸಲ್ಲ, ಮನಸ್ಸು ಒಂದು ಹದಕ್ಕೆ ಬಂದಿದೆ. ನಿದ್ದೆ ಮಾತ್ರ ಇಲ್ಲ. ಹತ್ತಕ್ಕೆ ಮಲಗಿ ಎರಡು ಗಂಟೆವರೆಗೂ ಹೊರಳಾಡುತ್ತಾನೆ. ಇನ್ನೊಂದು ನಿದ್ದೆ ಮಾತ್ರೆ ಬೇಡ, ಸಿಬಿಟಿ-ಐ ಅನ್ನೋ ಥೆರಪಿ (ನಿದ್ದೆಯ ಅಭ್ಯಾಸ, ಯೋಚನೆ ತಿದ್ದಿ ನಿದ್ದೆ ಬರಿಸೋದು) ಮಾಡಿಸಿ ಅಂದಿದ್ದಾರೆ ಡಾಕ್ಟರು. ಯೂಟ್ಯೂಬಲ್ಲಿ ನೋಡಿದರೆ ಐದೇ ಗಂಟೆ ಮಲಗಿ ಅಂತಾರೆ. ಭಯ ಆಯ್ತು. ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಅಕ್ಕಾ, ನನಗೂ ಬೈಪೋಲಾರೇ. ಥೆರಪಿ ಮಾಡಿಸಿಕೊಂಡೆ, ಉಪಯೋಗ ಆಯ್ತು. ಆದರೆ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಶುರು ಮಾಡಬೇಡಿ. ನಿದ್ದೆಗೆಟ್ಟರೆ ನಮ್ಮಂಥವರಿಗೆ ಮೇನಿಯಾ, ಅಂದರೆ ಹುಮ್ಮಸ್ಸು ಹದ್ದುಮೀರಿ ಏರುವ ಸ್ಥಿತಿ, ಏಳಬಹುದು.

ಥೆರಪಿಯಲ್ಲಿ ನನಗೆ ಮೊದಲು ಗೊತ್ತುಮಾಡಿಸಿದ್ದು ಏಳುವ ಹೊತ್ತು. ರಾತ್ರಿ ಎಷ್ಟೇ ಕೆಟ್ಟದಾಗಿ ಹೋಗಲಿ, ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು. ಎರಡನೆಯದು, ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಬೇರೆ ಕಡೆ ಕೂರೋದು, ಕಣ್ಣು ಎಳೆದಾಗ ಮಾತ್ರ ವಾಪಸ್ ಬರೋದು. ಹೇಳೋಕೆ ಸುಲಭ. ನಮ್ಮನೆಯಲ್ಲಿ ರಾತ್ರಿ ಬಾಗಿಲು ಕಿರ್ ಅಂದರೆ ಸಾಕು, ಅಮ್ಮ ಎದ್ದು ಬಂದು "ಏನಾಯ್ತಾ, ಮಾತ್ರೆ ತಗಂಡ್ಯಾ?" ಅಂತ ಶುರು. ಕೊನೆಗೆ ಥೆರಪಿಸ್ಟು ಅಮ್ಮನನ್ನೇ ಕರೆಸಿ ಎಲ್ಲ ವಿವರಿಸಿದರು. ಈಗ ಮೊಬೈಲ್ ಒಳಗೇ ಬಿಟ್ಟು ಜಗಲಿಯಲ್ಲಿ ಕೂರುತ್ತೇನೆ. ಯಾರೂ ಮಾತಾಡಿಸಲ್ಲ. ಮಳೆಗಾಲದಲ್ಲಿ ಜಗಲಿಗೆ ಇರಚಲು ಹೊಡೆಯುತ್ತೆ, ಆಗ ಬಚ್ಚಲೊಲೆ ಪಕ್ಕ. ಬೀರು ಜೋಡಿಸೋದು, ಲೆಕ್ಕ ಬರೆಯೋದು ಅಂತ ಹುಮ್ಮಸ್ಸಿನ ಕೆಲಸ ಮಾತ್ರ ಆ ಹೊತ್ತಲ್ಲಿ ಹಿಡಿಯಬಾರದು.

ನಿಮ್ಮಲ್ಲೂ ತೋಟ ಇದ್ದರೆ ಅಡಿಕೆ ಕೊಯ್ಲಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಸುಲಿಯೋಕೆ ಕೂತರೆ ಮಧ್ಯರಾತ್ರಿ ಆಗೋದು ಗೊತ್ತೇ ಆಗಲ್ಲ, ಬೆಳಿಗ್ಗೆ ಬೇಗ ಮತ್ತೆ ಬೇಯಿಸೋ ಕೆಲಸ. ನಾನು ರಾತ್ರಿ ಪಾಳಿಗೆ ಕೂರಲ್ಲ, ಹಗಲು ಅಂಗಳದಲ್ಲಿ ಹರವೋದು ನನ್ನ ಪಾಲು. ಇಡೀ ರಾತ್ರಿಯ ಯಕ್ಷಗಾನವನ್ನೂ ಬಿಟ್ಟೆ. ಆ ಬೇಜಾರು ಇದ್ದೇ ಇದೆ.

ಶಿವಮೊಗ್ಗದಿಂದ, ಕೌನ್ಸೆಲಿಂಗ್ ಕೆಲಸದಲ್ಲಿರುವವರು:
ಐದು ಗಂಟೆಯ ವಿಷಯ ಬಿಡಿಸಿ ಹೇಳ್ತೀನಿ. ಎಂಟು ಗಂಟೆ ಹಾಸಿಗೆಯಲ್ಲಿದ್ದು ಐದೇ ಗಂಟೆ ನಿದ್ದೆ ಬರೋರಿಗೆ ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡುತ್ತಾರೆ. ನಿದ್ದೆಯ ಹಸಿವು ಜಾಸ್ತಿಯಾಗಿ, ಮಲಗಿದ ಕೂಡಲೇ ಹತ್ತಲಿ ಅಂತ. ನಿದ್ದೆ ಗಟ್ಟಿಯಾದಂತೆ 15 ನಿಮಿಷ, 15 ನಿಮಿಷ ಸೇರಿಸುತ್ತಾರೆ. ಬರೀ ನಿದ್ದೆಯ ತೊಂದರೆ ಇದ್ದವರಿಗೆ 5 ಗಂಟೆವರೆಗೂ ಇಳಿಸುವುದುಂಟು. ಬೈಪೋಲಾರ್‌ಗೆಂದೇ ಹೊಂದಿಸಿದ ಕ್ರಮದಲ್ಲಿ 6.5 ಗಂಟೆಗಿಂತ ಕೆಳಗೆ ಇಳಿಸಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಆಲಿಸನ್ ಹಾರ್ವೆ ಅವರ ತಂಡ 2015ರಲ್ಲಿ ಇದರ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಥೆರಪಿ ಪಡೆದವರು ಮುಂದಿನ 6 ತಿಂಗಳಲ್ಲಿ ಕಾಯಿಲೆ ಕೆರಳಿ ಕಳೆದ ದಿನಗಳೂ ಕಡಿಮೆ. ಆದರೆ ಇದ್ದದ್ದು 58 ಜನ, ಚಿಕ್ಕ ಪ್ರಯೋಗ. ಅದನ್ನೂ ನೆನಪಿಟ್ಟುಕೊಳ್ಳಿ.

ಮೂಲ ಕಾಯಿಲೆ ಪೂರ್ತಿ ವಾಸಿಯಾದರೆ ನಿದ್ದೆ ತಾನಾಗೇ ಬರುತ್ತೆ ಅಂತ ಕಾಯೋರು ಜಾಸ್ತಿ. ಕಾಯಬೇಕಾಗಿಲ್ಲ, ಎರಡಕ್ಕೂ ಜೊತೆಜೊತೆಗೇ ಚಿಕಿತ್ಸೆ ಮಾಡಬಹುದು. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ನಿದ್ದೆ ಮಾತ್ರೆಯನ್ನೂ ಅಷ್ಟೇ.

ಸಾಗರದಿಂದ:
ನಮ್ಮ ಯಜಮಾನರಿಗೆ ಸ್ಕಿಜೋಫ್ರೀನಿಯಾ, ಇಲ್ಲದ ದನಿಗಳು ಕೇಳಿಸೋ ಮನಸ್ಸಿನ ಕಾಯಿಲೆ. ಕತ್ತಲಲ್ಲಿ ಒಬ್ಬರೇ ಎದ್ದು ಕೂತರೆ ದನಿಗಳು ಜಾಸ್ತಿ ಕೇಳುತ್ತವೆ ಅಂದರು. ಅದಕ್ಕೆ ಥೆರಪಿಸ್ಟು ಹಾಸಿಗೆ ಬಿಟ್ಟು ಕೂರೋ ನಿಯಮ ಸಡಿಲ ಮಾಡಿ, ಹಗಲಿನ ಕಡೆ ಗಮನ ಕೊಟ್ಟರು. ಬೆಳಿಗ್ಗೆ ಬಿಸಿಲಿಗೆ ಬರೋದು, ಊಟ ಆದ್ಮೇಲೆ ಮಲಗದೆ ಡೈರಿಗೆ ಹಾಲು ಹಾಕಿ ಬರೋದು, ಇಷ್ಟೇ. ಮಾತ್ರೆಯ ಮಂಪರು ಹಗಲಿಗೂ ಉಳಿಯುತ್ತಿತ್ತು, ಡಾಕ್ಟರಿಗೆ ಹೇಳಿ ತಗೊಳ್ಳೋ ಹೊತ್ತು ಬದಲಾಯಿಸಿಕೊಂಡೆವು. ನಿದ್ದೆ ಪೂರ್ತಿ ಸರಿಹೋಗಿದೆ ಅಂತ ಹೇಳಲ್ಲ, ಮೊದಲಿಗಿಂತ ಎಷ್ಟೋ ವಾಸಿ.

ಕೊಪ್ಪದಿಂದ:
ಥೆರಪಿಸ್ಟು ಹತ್ತಿರದಲ್ಲಿ ಸಿಗದಿದ್ದರೆ ಟೆಲಿ-ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಯಾರನ್ನು ನೋಡಬೇಕು ಅಂತ ಕೇಳಬಹುದು. ಮೊದಲ ಸಲ ಹೋಗುವಾಗ ಒಂದೆರಡು ವಾರದ ನಿದ್ದೆ ಲೆಕ್ಕ ಬರೆದುಕೊಂಡು ಹೋಗಿ: ಮಲಗಿದ್ದು, ನಿದ್ದೆ ಹತ್ತಿದ್ದು, ಎಚ್ಚರ ಆಗಿದ್ದು, ಎದ್ದಿದ್ದು. ಬೆಳಿಗ್ಗೆ ಎದ್ದು ಅಂದಾಜಿಗೆ ಬರೆದರೆ ಸಾಕು. ರಾತ್ರಿಯಿಡೀ ಗಡಿಯಾರ ನೋಡುತ್ತಾ ಕೂತರೆ ಬರೋ ನಿದ್ದೆಯೂ ಬರಲ್ಲ.