ಜಿಡಿಬಿಯ ಸಿಂಬಲ್ ಓದುವ ಕಡತಗಳನ್ನು ಓರಣಗೊಳಿಸುವಾಗ ಹಳೆಯ ಟಿಪ್ಪಣಿಗಳನ್ನು ಏನು ಮಾಡಬೇಕು?

ಪ್ರಶ್ನೆ: ವಿದ್ಯಾನಗರದ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಕ್ಕಿ ಗಿರಣಿಗಳ ಮೋಟಾರುಗಳಿಗೆ ನಿಯಂತ್ರಣ ಫಲಕ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಫಲಕದೊಳಗಿನ ಪ್ರೋಗ್ರಾಮಿನ ದೋಷ ಹುಡುಕಲು ನಾವು ಬಳಸುವುದು ಜಿಡಿಬಿಯನ್ನೇ. ಆದರೆ ನಮಗಿಂತ ಮೊದಲು ಇಲ್ಲಿದ್ದವರು ಅದರ ಸಿಂಬಲ್ (ಪ್ರೋಗ್ರಾಮಿನ ಫಂಕ್ಷನ್, ವೇರಿಯಬಲ್‌ಗಳ ಹೆಸರು ಮತ್ತು ವಿಳಾಸ) ಓದುವ ಭಾಗಕ್ಕೆ ಒಂದಿಷ್ಟು ಸ್ವಂತ ಕೋಡ್ ಸೇರಿಸಿ, ಆ ಪ್ರತಿಯನ್ನೇ ವರ್ಷಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಅದನ್ನು ಈಗಿನ ಆವೃತ್ತಿಯೊಂದಿಗೆ ಕೂಡಿಸಬೇಕಾಗಿದ್ದು, ಅದಕ್ಕೂ ಮೊದಲು ಸಿಮ್‌ಫೈಲ್.ಸಿ ಮತ್ತು ಎಲ್ಫ್‌ರೀಡ್.ಸಿ ಕಡತಗಳನ್ನು ಓರಣಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕಡತಗಳ ಸ್ಥಿತಿ ಹೀಗಿದೆ. ಒಂದೇ ಫಂಕ್ಷನ್ನಿನ ವಿವರಣೆ ಹೆಡರ್ ಕಡತದಲ್ಲಿ ಒಂದು ರೀತಿ, ಸಿ ಕಡತದಲ್ಲಿ ಇನ್ನೊಂದು ರೀತಿ ಇದೆ. ಪಿಸಿಮ್‌ಟ್ಯಾಬ್ (ಆಂಶಿಕ ಸಿಂಬಲ್ ಕೋಷ್ಟಕ) ಎಂಬ ಮಾತು ಹಲವು ಟಿಪ್ಪಣಿಗಳಲ್ಲಿ (ಕಾಮೆಂಟ್‌ಗಳಲ್ಲಿ) ಬರುತ್ತದೆ, ಆದರೆ ಹೊಸ ಆವೃತ್ತಿಯಲ್ಲಿ ಡ್ವಾರ್ಫ್ (ಡೀಬಗ್ ಮಾಹಿತಿ ಇಡುವ ಒಂದು ರೂಪ) ಓದುವ ಕೋಡ್ ಅದನ್ನು ಬಳಸುತ್ತಿರುವಂತೆ ಕಾಣುವುದಿಲ್ಲ. ನಮ್ಮವರು ಸೇರಿಸಿದ ಕೋಡಿನಲ್ಲಿ ಕಂಪೈಲರ್ ಓದದಂತೆ ‘ಇಫ್ ಸೊನ್ನೆ’ ಹಾಕಿ ಮುಚ್ಚಿಟ್ಟ ತುಣುಕುಗಳು ಅಲ್ಲಲ್ಲಿ ಬಿದ್ದಿವೆ. ಇಂಡೆಂಟೇಶನ್‌ನಲ್ಲಿ ಟ್ಯಾಬ್ ಮತ್ತು ಸ್ಪೇಸ್ ಎರಡೂ ಬೆರೆತಿವೆ.

ಕಳೆದ ವಾರ ಒಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಸಿಂಬಲ್ಲಿನ ಹೆಸರನ್ನು ನಕಲು ಮಾಡಿಕೊಳ್ಳುವ ಒಂದು ಕಡೆ ಮೆಮೊರಿ ಪಡೆದದ್ದು ಕಾಣಿಸಿತು, ಬಿಟ್ಟುಕೊಟ್ಟದ್ದು ಎಲ್ಲಿಯೂ ಕಾಣಿಸಲಿಲ್ಲ. ಇದು ಸೋರಿಕೆಯೆಂದು ತಿಳಿದು ಮೆಮೊರಿ ಬಿಟ್ಟುಕೊಡುವ ಎಕ್ಸ್‌ಫ್ರೀ ಕರೆಯೊಂದನ್ನು ಸೇರಿಸಿದೆ. ಮರುದಿನ ಎರಡನೆಯ ಸಲ ಕಡತ ಲೋಡ್ ಮಾಡಿದ ಕೂಡಲೇ ‘ಫ್ರೀ(): ಇನ್ವ್ಯಾಲಿಡ್ ಪಾಯಿಂಟರ್’ ಎಂದು ಹೇಳಿ ಜಿಡಿಬಿ ನಿಂತುಹೋಯಿತು. ಆ ಜಾಗದಲ್ಲಿ ಮೊದಲು ಎರಡು ಸಾಲಿನ ಟಿಪ್ಪಣಿಯೊಂದಿತ್ತು. ಅದು ಹಳೆಯದೆಂದು ಅಂದುಕೊಂಡು ಹಿಂದಿನ ದಿನವೇ ಅಳಿಸಿದ್ದವನೂ ನಾನೇ.

ಆದ್ದರಿಂದ ಕೈ ಹಾಕಲು ಅಳುಕಾಗುತ್ತಿದೆ. ಯಾವ ಟಿಪ್ಪಣಿಯನ್ನು ತೆಗೆಯಬಹುದು, ಯಾವುದನ್ನು ತಿದ್ದಬೇಕು, ಇಡೀ ಕಡತಕ್ಕೆ ಒಮ್ಮೆಲೇ ಫಾರ್ಮ್ಯಾಟರ್ (ಕೋಡಿನ ಜೋಡಣೆಯನ್ನು ತಾನೇ ಸರಿಪಡಿಸುವ ಸಾಧನ) ಓಡಿಸಬಹುದೇ ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕೋಟೆ ಬೀದಿಯವರು, ಚಿತ್ರದುರ್ಗ

ಮೊದಲು ನಿಮ್ಮ ಎಕ್ಸ್‌ಫ್ರೀ ವಿಷಯ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಜಿಡಿಬಿಯಲ್ಲಿ ಒಂದು ಕಡತದ ಸಿಂಬಲ್‌ಗಳನ್ನು ಓದಿದಾಗ ಅದಕ್ಕೊಂದು ಆಬ್ಜ್‌ಫೈಲ್ ಹುಟ್ಟುತ್ತದೆ, ಆ ಆಬ್ಜ್‌ಫೈಲ್‌ಗೆ ತನ್ನದೇ ಆದ ಆಬ್‌ಸ್ಟ್ಯಾಕ್ ಎಂಬ ಮೆಮೊರಿಯ ರಾಶಿ ಇರುತ್ತದೆ. ಹೆಸರುಗಳು, ಕೋಷ್ಟಕಗಳು ಮುಂತಾದ, ಆಬ್ಜ್‌ಫೈಲ್ ಇರುವಷ್ಟು ಕಾಲ ಇರಬೇಕಾದ ಚಿಕ್ಕ ಚಿಕ್ಕ ವಸ್ತುಗಳನ್ನು ಆ ರಾಶಿಯಿಂದ ಪಡೆಯುತ್ತಾರೆ. ಅವನ್ನು ಒಂದೊಂದಾಗಿ ಯಾರೂ ಬಿಡುಗಡೆ ಮಾಡುವುದಿಲ್ಲ, ಆಬ್ಜ್‌ಫೈಲ್ ಹೋದಾಗ ಇಡೀ ರಾಶಿ ಒಟ್ಟಿಗೆ ಹೋಗುತ್ತದೆ. ರಾಶಿಯ ನಡುವಿನಿಂದ ಪಡೆದ ವಿಳಾಸವನ್ನು ಫ್ರೀಗೆ ಕೊಟ್ಟರೆ ಜಿ‌ಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ಒಪ್ಪುವುದಿಲ್ಲ. ನೀವು ಅಳಿಸಿದ ಎರಡು ಸಾಲುಗಳು ಬಹುಶಃ ಇದನ್ನೇ ಹೇಳುತ್ತಿದ್ದವು. ಸಿಂಬಲ್ ಓದುವ ಕೋಡಿನಲ್ಲಿ ಮೆಮೊರಿ ಯಾರ ವಶದಲ್ಲಿದೆ, ಯಾವುದು ಮೊದಲು ಯಾವುದು ನಂತರ ಎಂಬ ಎರಡು ಸಂಗತಿಗಳು ಕೋಡನ್ನು ನೋಡಿದರೆ ಕಾಣುವುದಿಲ್ಲ. ಅವು ಬದುಕಿರುವುದು ಟಿಪ್ಪಣಿಗಳಲ್ಲಿ ಮಾತ್ರ. ಹೀಗಾಗಿ ಈ ಕಡತಗಳಲ್ಲಿ ಟಿಪ್ಪಣಿಗೆ ಕೈ ಹಾಕುವುದನ್ನು ನಾನು ಕೋಡಿಗೆ ಕೈ ಹಾಕಿದಷ್ಟೇ ಗಂಭೀರವಾಗಿ ಪರಿಗಣಿಸುತ್ತೇನೆ.

ಎಲ್ಫ್‌ರೀಡ್.ಸಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಡೀಬಗ್ ಮಾಹಿತಿ ಬೇರೆ ಕಡತದಲ್ಲಿದ್ದಾಗ ಜಿಡಿಬಿ ಅದನ್ನು ಮೊದಲು ಬಿಲ್ಡ್ ಐಡಿಯ (ಕಡತದೊಳಗಿರುವ ವಿಶಿಷ್ಟ ಗುರುತಿನ) ಮೂಲಕ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಡೀಬಗ್‌ಲಿಂಕ್ ಎಂಬ ವಿಭಾಗದಲ್ಲಿರುವ ಹೆಸರನ್ನು ಹಿಡಿದು ಹೋಗುತ್ತದೆ. ಎರಡೂ ಕರೆಗಳು ನೋಡಲು ಒಂದೇ ರೂಪದವು. ಓರಣಗೊಳಿಸುವಾಗ ಅಕಾರಾದಿಯೆಂದೋ ಉದ್ದವೆಂದೋ ಇವುಗಳನ್ನು ಹಿಂದುಮುಂದು ಮಾಡಿದರೆ ಸಿಂಬಲ್‌ಗಳು ಆಗಲೂ ಸಾಮಾನ್ಯವಾಗಿ ಸಿಗುತ್ತವೆ. ಆದರೆ ಬಿಲ್ಡ್ ಐಡಿಯನ್ನು ತಾಳೆ ನೋಡಲು ಒಂದು ಚಿಕ್ಕ ವಿಭಾಗವನ್ನು ಓದಿದರೆ ಸಾಕು. ಡೀಬಗ್‌ಲಿಂಕ್‌ನಲ್ಲಿರುವುದು ಹೆಸರು ಮತ್ತು ನಾಲ್ಕು ಬೈಟಿನ ಸಿಆರ್‌ಸಿ ಮೊತ್ತ. ಅದನ್ನು ತಾಳೆ ನೋಡಲು ಡೀಬಗ್ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಕಡತ ನೂರಾರು ಮೆಗಾಬೈಟ್ ಇದ್ದರೆ ಜಿಡಿಬಿ ಏಳುವುದೇ ತಡವಾಗುತ್ತದೆ, ಕಾರಣವೇನೆಂದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಕೋಟೆಯ ಮೇಲಿನ ಹೊಂಡಗಳನ್ನು ನೀವು ನೋಡಿರುತ್ತೀರಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡದತ್ತ ಇಳಿಯುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಆ ನೀರಿನ ದಾರಿ ಬರೀ ಕಲ್ಲಿನ ಸಂದಿಯಂತೆ ಕಾಣುತ್ತದೆ. ಟಿಪ್ಪಣಿಯನ್ನು ತೆಗೆಯುವ ಮುನ್ನ ಅದನ್ನು ಮಳೆಗಾಲದಲ್ಲಿಯೂ ಒಮ್ಮೆ ನೋಡಿ, ಅಂದರೆ ಅದು ಬಂದ ಕಮಿಟ್ಟನ್ನು (ಗಿಟ್ ಇತಿಹಾಸದಲ್ಲಿ ದಾಖಲಾದ ಬದಲಾವಣೆಯನ್ನು) ಓದಿ. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಟಿಪ್ಪಣಿಯ ನಾಲ್ಕೈದು ಪದಗಳನ್ನು ಮುಂದಿಟ್ಟರೆ, ಆ ಪದಗಳು ಯಾವ ಕಮಿಟ್ಟಿನಲ್ಲಿ ಬಂದವು ಎಂಬುದು ಸಿಗುತ್ತದೆ.

ಪಿಸಿಮ್‌ಟ್ಯಾಬ್ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಹಿಂದೆ ಜಿಡಿಬಿ ಡ್ವಾರ್ಫ್ ಮಾಹಿತಿಯ ಮೇಲೆ ಒಮ್ಮೆ ಬೇಗನೆ ಕಣ್ಣಾಡಿಸಿ, ಮೇಲ್ಮಟ್ಟದ ಹೆಸರುಗಳನ್ನಷ್ಟೇ ಆಯ್ದು ಆಂಶಿಕ ಕೋಷ್ಟಕ ಮಾಡಿಕೊಳ್ಳುತ್ತಿತ್ತು; ಪೂರ್ಣವಾಗಿ ಬಿಡಿಸುತ್ತಿದ್ದುದು ಅಗತ್ಯ ಬಿದ್ದ ಮೇಲೆ. 2023ರಲ್ಲಿ ಬಂದ 13ನೇ ಆವೃತ್ತಿಯಲ್ಲಿ ಡ್ವಾರ್ಫ್ ಮಟ್ಟಿಗೆ ಆ ಜಾಗಕ್ಕೆ ‘ಕುಕ್ಡ್ ಇಂಡೆಕ್ಸ್’ ಎಂಬ ಹೊಸ ಸೂಚಿ ಬಂದಿದೆ. ಆದರೆ ಬೇಗನೆ ಕಣ್ಣಾಡಿಸುವುದು, ಬೇಕಾದಾಗ ಬಿಡಿಸುವುದು ಎಂಬ ಎರಡು ಹಂತಗಳು ಹಾಗೆಯೇ ಇವೆ. ಆದ್ದರಿಂದ ಆ ಟಿಪ್ಪಣಿಗಳಲ್ಲಿ ಹೆಸರು ಹಳತಾಗಿದೆ, ಮಾತು ಹಳತಾಗಿಲ್ಲ. ಹೆಸರನ್ನು ತಿದ್ದಿ, ವಾಕ್ಯವನ್ನು ಉಳಿಸಿ. ಡ್ವಾರ್ಫ್ ಅಲ್ಲದ ಬೇರೆ ರೂಪವನ್ನು ಓದುವ ಕೋಡಿನ ಟಿಪ್ಪಣಿಯಾಗಿದ್ದರೆ ಹೆಸರನ್ನು ಬದಲಿಸುವ ಮುನ್ನವೂ ಪರೀಕ್ಷಿಸಿ.

ಹೆಡರ್ ಮತ್ತು ಸಿ ಕಡತದ ಎರಡು ವಿವರಣೆಗಳ ವಿಷಯದಲ್ಲಿ ಜಿಡಿಬಿಯವರ ರೂಢಿ ಸ್ಪಷ್ಟವಾಗಿದೆ. ಹೊರಗಿನವರು ಕರೆಯುವ ಫಂಕ್ಷನ್ನಿನ ವಿವರಣೆ ಹೆಡರ್‌ನಲ್ಲಿರುತ್ತದೆ, ಸಿ ಕಡತದಲ್ಲಿ ಆ ಹೆಡರ್ ನೋಡಿರೆಂಬ ಒಂದು ಸಾಲು ಮಾತ್ರ ಇರುತ್ತದೆ. ನಿಮ್ಮಲ್ಲಿ ಎರಡು ಬೇರೆಯಾಗಿವೆಯೆಂದರೆ ಒಂದನ್ನು ತಿದ್ದಿದವರು ಇನ್ನೊಂದನ್ನು ಮರೆತಿದ್ದಾರೆ ಎಂದರ್ಥ. ಯಾವುದು ಸರಿಯೆಂದು ಕೋಡನ್ನೇ ಕೇಳಿ ತೀರ್ಮಾನಿಸಬೇಕು, ಉದ್ದವಾಗಿರುವುದನ್ನು ಆರಿಸಿಕೊಳ್ಳಬಾರದು.

ಫಾರ್ಮ್ಯಾಟರ್ ಬೇಡ. ಟ್ಯಾಬ್ ಮತ್ತು ಸ್ಪೇಸ್ ಬೆರೆತಿರುವುದು ಕೊಳೆಯೆಂದು ನಿಮಗೆ ಕಂಡಿರಬಹುದು. ಆದರೆ ಎರಡೆರಡು ಅಂಕಣ ಒಳಸರಿಸಿ, ಎಂಟು ಅಂಕಣ ತುಂಬಿದಾಗ ಒಂದು ಟ್ಯಾಬ್ ಹಾಕುವುದು ಅಲ್ಲಿನ ಪದ್ಧತಿ. ಎಡಿಟರ್‌ನಲ್ಲಿ ಟ್ಯಾಬಿನ ಅಗಲವನ್ನು 8ಕ್ಕೆ ಇಟ್ಟುಕೊಂಡರೆ ಅರ್ಧ ಗಲಿಬಿಲಿ ತಾನಾಗಿ ಹೋಗುತ್ತದೆ. ನಿಮ್ಮ ಸ್ವಂತ ಕೋಡಿನಲ್ಲಿ ಮಾತ್ರ ಒಳಸರಿಸುವಿಕೆಯನ್ನು ತಿದ್ದಲೇಬೇಕಿದ್ದರೆ ಅದನ್ನೊಂದೇ ಪ್ರತ್ಯೇಕ ಕಮಿಟ್ ಮಾಡಿ, ಗಿಟ್ ಬ್ಲೇಮ್ (ಪ್ರತಿ ಸಾಲು ಯಾವ ಕಮಿಟ್‌ನಿಂದ ಬಂದಿತೆಂದು ತೋರಿಸುವ ಆದೇಶ) ಕಡೆಗಣಿಸಬೇಕಾದ ಕಮಿಟ್‌ಗಳ ಪಟ್ಟಿಗೆ ಅದರ ಗುರುತನ್ನು ಸೇರಿಸಿ. 2019ರ ಗಿಟ್ 2.23ರಿಂದ ಈ ಸೌಲಭ್ಯವಿದೆ.

ಉತ್ತರ 2: ಹೊಳೆದಂಡೆ, ಹರಿಹರ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಪರೀಕ್ಷಿಸುವ ಬಗೆಯನ್ನಷ್ಟೇ ಸೇರಿಸುತ್ತೇನೆ.

ಟಿಪ್ಪಣಿ ಮಾತ್ರ ಬದಲಾಗಿದೆ ಎನ್ನುವ ಕಮಿಟ್ಟಿನಲ್ಲಿ ಕಂಪೈಲರ್ ಕೊಡುವ ಸೂಚನೆಗಳೂ ಬದಲಾಗಬಾರದು. ಮೊದಲಿನ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಡೀಬಗ್ ಮಾಹಿತಿಯಿಲ್ಲದೆ ಕಂಪೈಲ್ ಮಾಡಿ, ಎರಡನ್ನೂ ಆಬ್ಜ್‌ಡಂಪ್‌ನಿಂದ ಯಂತ್ರಸೂಚನೆಗಳಾಗಿ ಬಿಡಿಸಿ, ಡಿಫ್ ಹಾಕಿ ನೋಡಿ. ಡೀಬಗ್ ಮಾಹಿತಿ ಬೇಡವೆನ್ನಲು ಕಾರಣ, ಒಂದು ಸಾಲು ಅಳಿಸಿದರೂ ಸಾಲುಗಳ ಕೋಷ್ಟಕವೆಲ್ಲ ಕದಲುತ್ತದೆ. ಹೀಗೆ ಮಾಡಿದರೂ ಒಂದೆರಡು ವ್ಯತ್ಯಾಸಗಳು ಬರುತ್ತವೆ, ಗಾಬರಿಯಾಗಬೇಡಿ. ಜಿಡಿಬಿ_ಅಸರ್ಟ್ ಎಂಬ ಮ್ಯಾಕ್ರೊ ತಾನಿರುವ ಸಾಲಿನ ಸಂಖ್ಯೆಯನ್ನು ಕೋಡಿನೊಳಗೇ ಹುದುಗಿಸುತ್ತದೆ. ಮೇಲೆ ಮೂರು ಸಾಲು ಟಿಪ್ಪಣಿ ತೆಗೆದರೆ ಆ ಸಂಖ್ಯೆ ಮೂರು ಕಡಿಮೆಯಾಗುತ್ತದೆ. ಪ್ರತಿ ವ್ಯತ್ಯಾಸವೂ ಇಂಥದ್ದೇ ಎಂದು ಒಂದೊಂದಾಗಿ ನೋಡಿ ಖಚಿತಪಡಿಸಿಕೊಳ್ಳಿ. ರಾಶಿಯಾಗಿ ‘ಎಲ್ಲವೂ ಸಾಲು ಸಂಖ್ಯೆಯೇ ಇರಬೇಕು’ ಎಂದು ದಾಟಿ ಹೋಗಬೇಡಿ.

ಕೋಡ್ ಬದಲಾದ ಕಮಿಟ್‌ಗಳಿಗೆ ಜಿಡಿಬಿಯ ಪರೀಕ್ಷೆಗಳನ್ನೇ ಓಡಿಸಬೇಕು. ಬೇರೆ ಡೀಬಗ್ ಕಡತದ ದಾರಿಗೆ ಸೆಪ್‌ಡೀಬಗ್ ಪರೀಕ್ಷೆಯಿದೆ. ಅದೇ ಪರೀಕ್ಷೆಗಳನ್ನು ರೀಡ್‌ನೌ ಬೋರ್ಡಿನೊಂದಿಗೂ (ಪರೀಕ್ಷೆ ಓಡಿಸುವ ಒಂದು ಸಿದ್ಧ ಸಂರಚನೆ) ಒಮ್ಮೆ ಓಡಿಸಿ. ಆಗ ಜಿಡಿಬಿ ಬೇಕಾದಾಗ ಬಿಡಿಸೋಣವೆಂದು ಕಾಯದೆ ಎಲ್ಲವನ್ನೂ ಮೊದಲೇ ಓದುತ್ತದೆ, ಕ್ರಮ ತಪ್ಪಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

‘ಇಫ್ ಸೊನ್ನೆ’ ತುಣುಕುಗಳನ್ನು ಅಳಿಸಿಬಿಡಿ. ಇತಿಹಾಸ ಗಿಟ್‌ನಲ್ಲಿದೆ.

ಪ್ರಶ್ನೆ ಕೇಳಿದವರಿಂದ: ವಿದ್ಯಾನಗರದ ಓದುಗ, ದಾವಣಗೆರೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಳಿಸಿದ್ದ ಟಿಪ್ಪಣಿಯನ್ನು ಹಿಂದಕ್ಕೆ ತಂದು ಓದಿದೆ. ಹೆಸರು ಆಬ್ಜ್‌ಫೈಲ್‌ನ ಆಬ್‌ಸ್ಟ್ಯಾಕ್‌ನಲ್ಲಿದೆ, ಕರೆಯುವವರು ಬಿಡುಗಡೆ ಮಾಡಬಾರದು ಎಂದು ಅದರಲ್ಲಿ ನೇರವಾಗಿಯೇ ಬರೆದಿದ್ದರು.

ಹರಿಹರದವರು ಹೇಳಿದಂತೆ ನಿನ್ನೆ ಸಂಜೆ ಎರಡೂ ಪ್ರತಿಗಳನ್ನು ಬಿಡಿಸಿ ಹೋಲಿಸಿದೆ. ‘ಟಿಪ್ಪಣಿ ಮಾತ್ರ’ ಎಂದು ನಾನು ಹೆಸರಿಟ್ಟಿದ್ದ ಕಮಿಟ್ಟಿನಲ್ಲಿ ಹನ್ನೊಂದು ವ್ಯತ್ಯಾಸಗಳು ಬಂದವು. ಹತ್ತು ಸಾಲು ಸಂಖ್ಯೆಗಳೇ. ಹನ್ನೊಂದನೆಯದರಲ್ಲಿ ಒಂದು ಕೂಡುವ ಸೂಚನೆಯೇ ಕಾಣೆಯಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಇದು: ನಮ್ಮ ಸ್ವಂತ ಕೋಡಿನಲ್ಲಿ ಒಂದು ಟಿಪ್ಪಣಿಯ ಕೊನೆಯ ಸಾಲನ್ನು ತೆಗೆಯುವಾಗ ಅದನ್ನು ಮುಚ್ಚುವ ಗುರುತೂ ಹೋಗಿತ್ತು. ಮುಂದಿನ ಟಿಪ್ಪಣಿ ಮುಗಿಯುವವರೆಗೆ ಎಲ್ಲವೂ ಟಿಪ್ಪಣಿಯಾಗಿ, ಸಿಂಬಲ್ಲಿನ ವಿಳಾಸಕ್ಕೆ ವಿಭಾಗದ ಆಫ್‌ಸೆಟ್ (ಲೋಡ್ ಆದ ಜಾಗದಿಂದ ಬರುವ ವಿಳಾಸದ ವ್ಯತ್ಯಾಸ) ಕೂಡಿಸುವ ಸಾಲನ್ನು ನುಂಗಿಬಿಟ್ಟಿತ್ತು. ಕಂಪೈಲರ್ ಎಚ್ಚರಿಸಿತ್ತು, ಪುಟಗಟ್ಟಲೆ ಹರಿಯುವ ಸಂದೇಶಗಳ ನಡುವೆ ನಾನು ಗಮನಿಸಿರಲಿಲ್ಲ. ನಮ್ಮ ಫಲಕದ ಪ್ರೋಗ್ರಾಮ್ ಸದಾ ಒಂದೇ ವಿಳಾಸದಲ್ಲಿ ಕೂರುವುದರಿಂದ ಆಫ್‌ಸೆಟ್ ಸೊನ್ನೆ, ಹಾಗಾಗಿ ಎರಡು ದಿನ ಎಲ್ಲವೂ ಸರಿಯಾಗಿಯೇ ಓಡಿತು. ಬೂಟ್‌ಲೋಡರನ್ನು ಬೇರೆ ವಿಳಾಸಕ್ಕೆ ಲೋಡ್ ಮಾಡಿ ನೋಡುವ ದಿನ ಬಂದಿದ್ದರೆ ಪ್ರತಿ ಬ್ರೇಕ್‌ಪಾಯಿಂಟೂ ತಪ್ಪು ಜಾಗದಲ್ಲಿ ಬೀಳುತ್ತಿತ್ತು.

ಒಂದು ಕೊನೆಯ ಪ್ರಶ್ನೆ. ನಮ್ಮಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗರಿಗೆ ಇಂಗ್ಲಿಷ್ ಟಿಪ್ಪಣಿಗಳು ಬೇಗ ತಲೆಗೆ ಹೋಗುವುದಿಲ್ಲ. ನಮ್ಮ ಸ್ವಂತ ಕೋಡಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಬಹುದೇ?

ಉತ್ತರ 3: ಕೋಟೆ ಬೀದಿಯವರು, ಚಿತ್ರದುರ್ಗ

ಖಂಡಿತ ಬರೆಯಬಹುದು. ಕಡತ ಯುಟಿಎಫ್-8ರಲ್ಲಿದ್ದರೆ ಟಿಪ್ಪಣಿಯೊಳಗಿನ ಕನ್ನಡಕ್ಕೆ ಕಂಪೈಲರ್ ತಕರಾರು ಮಾಡುವುದಿಲ್ಲ. ಮುಂದೆ ಆ ಕೋಡನ್ನು ಮೂಲ ಯೋಜನೆಗೆ ಕಳುಹಿಸುವ ವಿಚಾರವಿದ್ದರೆ ಮಾತ್ರ ಅಲ್ಲಿನವರಿಗಾಗಿ ಇಂಗ್ಲಿಷಿನಲ್ಲಿ ಬರೆದುಕೊಡಬೇಕಾಗುತ್ತದೆ. ಆರ್ಗ್ಯುಮೆಂಟಿನ ಮೌಲ್ಯದ ಬಗ್ಗೆ ಹೇಳುವಾಗ ಅದರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುವುದು ಜಿಎನ್‌ಯು ಪದ್ಧತಿ. ಕನ್ನಡ ವಾಕ್ಯದ ನಡುವೆಯೂ ಆ ಹೆಸರನ್ನು ಹಾಗೆಯೇ ಇಟ್ಟರೆ ಹುಡುಗರು ಕೋಡಿನಲ್ಲಿ ಅದನ್ನು ಹುಡುಕಿಕೊಳ್ಳಲು ಅನುಕೂಲ.

ಮೊದಲ ಟಿಪ್ಪಣಿಯಾಗಿ ಆ ಆಫ್‌ಸೆಟ್ ಕೂಡುವ ಸಾಲಿನ ಮೇಲೆಯೇ ಬರೆಯಿರಿ. ‘ಫಲಕದಲ್ಲಿ ಇದು ಸದಾ ಸೊನ್ನೆ; ಬೂಟ್‌ಲೋಡರನ್ನು ಬೇರೆ ವಿಳಾಸದಲ್ಲಿ ಲೋಡ್ ಮಾಡಿದಾಗ ಸೊನ್ನೆಯಲ್ಲ’ ಎಂಬಷ್ಟು ಸಾಕು. ಆ ಸಾಲು ಹೋದರೆ ಬೀಳುವಂಥ ಒಂದು ಪರೀಕ್ಷೆಯನ್ನೂ ಅದೇ ಕಮಿಟ್ಟಿನಲ್ಲಿ ಸೇರಿಸಿ.