ಸರ್ವೇಲಿ ಎಲ್ರೂ ಖುಷಿ, ಆದ್ರೂ ಜನ ಬಿಟ್ಟು ಹೋಗ್ತಿದಾರೆ?

ನಮ್ ಆಫೀಸಿನ ಆರು ಜನರ ಟೀಮಲ್ಲಿ ಎಂಗೇಜ್‌ಮೆಂಟ್ ಸರ್ವೇ (ಕೆಲಸದಲ್ಲಿ ಎಷ್ಟು ಮನಸ್ಸಿದೆ, ಖುಷಿ ಇದೆ ಅಂತ ಕೇಳೋದು) ಹೆಸರು ಹಾಕದೆ ಮಾಡಿದ್ವಿ, ಎಲ್ರೂ ಐದಕ್ಕೆ ನಾಲ್ಕು ಕೊಟ್ರು, ಆದ್ರೆ ಎರಡೇ ತಿಂಗಳಲ್ಲಿ ಮೂರು ಜನ ಪೇಪರ್ ಹಾಕಿದ್ರು. ಇದನ್ನ ಸರಿಯಾಗಿ ಅಳೆಯೋದು ಹೆಂಗೆ?

> ಆರು ಜನರ ಟೀಮಲ್ಲಿ ಹೆಸರಿಲ್ಲದ ಸರ್ವೇ ಅಂದ್ರೆ ನಗು ಬರುತ್ತೆ ಗುರು, ಬರೆದಿರೋ ಧಾಟಿ ನೋಡಿದ್ರೇ ಯಾರದ್ದು ಅಂತ ಗೊತ್ತಾಗುತ್ತೆ.

> ಇಎನ್‌ಪಿಎಸ್ (ಎಂಪ್ಲಾಯಿ ನೆಟ್ ಪ್ರೊಮೋಟರ್ ಸ್ಕೋರ್) ಟ್ರೈ ಮಾಡಿ. ನಮ್ ಕಂಪನಿಗೆ ಸೇರು ಅಂತ ಫ್ರೆಂಡ್‌ಗೆ ಹೇಳ್ತೀರಾ ಅಂತ ಒಂದೇ ಪ್ರಶ್ನೆ, 0ರಿಂದ 10ರ ಒಳಗೆ ಅಂಕ, 9-10 ಕೊಟ್ಟೋರ ಶೇಕಡಾದಲ್ಲಿ 0-6 ಕೊಟ್ಟೋರ ಶೇಕಡಾ ಕಳೆದ್ರೆ ಸ್ಕೋರ್ ಬರುತ್ತೆ, 7-8 ಕೊಟ್ಟೋರನ್ನ ಕೂಡೋದೂ ಇಲ್ಲ ಕಳೆಯೋದೂ ಇಲ್ಲ. ಯಾಕೆ ಬೇಜಾರು ಅಂತ ಮಾತ್ರ ಅದು ಹೇಳಲ್ಲ, ಅದಕ್ಕೆ ಗ್ಯಾಲಪ್ ಅನ್ನೋ ಸರ್ವೇ ಕಂಪನಿಯವರ 12 ಪ್ರಶ್ನೆ ವಾಸಿ.

> ನಿಮ್ ಸರ್ವೇ ತುಂಬ್ಸಿದ್ದು ಯಾರು?

ಮ್ಯಾನೇಜರ್ರೇ, ಹಿಂದೆ ನಿಂತ್ಕೊಂಡು 😅