ಸೊಸೈಟಿ ಗೋಡೆಗೆ ಸರ್ವಜ್ಞನ ಸಾಲದ ವಚನ ಬರೆಸಬಹುದಾ?

ಸೊಸೈಟಿ ಸೆಕ್ರೆಟರಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕೃಷಿ ಪತ್ತಿನ ಸೊಸೈಟಿಗೆ ಹೊಸ ಕಟ್ಟಡ ಆಗಿದೆ. ಕೌಂಟರ್ ಹಿಂದಿನ ಗೋಡೆ ಖಾಲಿ ಇದೆ, ಪೇಂಟರ್ ಕಾಯ್ತಾ ಇದ್ದಾನೆ. ಅಲ್ಲಿ ಈ ವಚನ ಬರೆಸಬೇಕು ಅಂತ ನನ್ನಾಸೆ:

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗನು ಬಂದು ಎಳೆವಾಗ
ಕಿಬ್ಬದಿಯ ಕೀಲು ಮುರಿದಂತೆ ಸರ್ವಜ್ಞ

ಆಡಳಿತ ಮಂಡಳಿಯ ಹಿರಿಯರೊಬ್ಬರು "ಬೆಳೆಸಾಲಕ್ಕೆ ಬಂದ ರೈತನ ಮುಖಕ್ಕೆ ಹೊಡೆದಂಗಾಗ್ತದ, ಬ್ಯಾಡ" ಅಂತಾರೆ. ತೀರಿಸೋದು ನೆನಪಿರಲಿ ಅಂತಷ್ಟೇ ನನ್ನ ಉದ್ದೇಶ. ಬಲ್ಲವರು ಹೇಳಿ.

ಗದಗಿನಿಂದ

ಬರೆಸ್ರಿ ಸರ್, ಅದರಾಗೇನ ತಪ್ಪೈತಿ? ಸಾಹುಕಾರರ ಬಡ್ಡಿ ಕಾಟ ತಪ್ಪಲಿ ಅಂತನ 1905ರಾಗ ನಮ್ಮ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ದೇಶದಾಗಿನ ಮೊದಮೊದಲ ಕೃಷಿ ಪತ್ತಿನ ಸಂಘಗಳೊಳಗ ಒಂದು ಅದು. ಈ ವಚನಕ್ಕ ಸೊಸೈಟಿ ಗೋಡೆಗಿಂತ ಛಲೋ ಜಾಗ ಯಾವುದೈತಿ?

ನಿವೃತ್ತ ಕನ್ನಡ ಮೇಷ್ಟ್ರು, ಹಿರೇಕೆರೂರು

ನಿಮ್ಮ ಮಂಡಳಿಯ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಸರ್ವಜ್ಞ ಇಲ್ಲಿ ಸಾಲಗಾರನಿಗೆ ಬುದ್ಧಿ ಹೇಳುತ್ತಿಲ್ಲ. ಹಾಲು ಅನ್ನ ಉಂಡ ಬಾಯಿ ಸಾಲಗಾರನದು, ಮುರಿಯುವ ಸೊಂಟವೂ ಅವನದೇ. ಕೊಟ್ಟವನಿಗೆ ಈ ಮೂರು ಸಾಲಿನಲ್ಲಿರುವುದು ಒಂದೇ ಕೆಲಸ, ಬಂದು ಎಳೆಯುವುದು. ಇಡೀ ವಚನ ನೋವುಂಡವನ ಕಡೆಯಿಂದ ಹುಟ್ಟಿದೆ. ಅದೇ ಮಾತನ್ನು ಸಾಲ ಕೊಡುವವರು ತಮ್ಮ ಬೆನ್ನ ಹಿಂದೆ ಬರೆಸಿಕೊಂಡರೆ ಬೆದರಿಕೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಪಹಣಿ ಹಿಡಿದು ಸರತಿಯಲ್ಲಿ ನಿಂತವನು ಅದನ್ನು ಹೇಗೆ ಓದಿಯಾನು?

ಬರೆಸಲೇಬೇಕು ಅಂದರೆ ಎದುರಿನ ಗೋಡೆಗೆ ಬರೆಸಿ. ಕೌಂಟರಿನಲ್ಲಿ ಕೂತವರು, ವಸೂಲಿಗೆ ಹೊರಡುವವರು ದಿನಾ ಓದಲಿ. ನಿಮ್ಮ ಹಿಂದಿನ ಗೋಡೆಗೆ "ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೆ ಮೇಲು" ಇರಲಿ. ಬಂದ ರೈತನಿಗೆ ಮೊದಲು ಕಾಣಬೇಕಾದ್ದು ಅದು.

ಇನ್ನೊಂದು ವಿಷಯ. ಪಾಠವನ್ನು ವಾಟ್ಸಾಪ್‌ನಿಂದ ಎತ್ತಬೇಡಿ. ಕೊನೆಗೊಂದು "ಸರ್ವಜ್ಞ" ಅಂಟಿಸಿ ಯಾರ ಮಾತನ್ನೋ ಅವನ ತಲೆಗೆ ಕಟ್ಟುವುದು ಈಗ ವಿಪರೀತವಾಗಿದೆ, ನನಗೆ ಬಹಳ ಸಂಕಟವಾಗುತ್ತದೆ. ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ, ಹಸ್ತಪ್ರತಿ ಹುಡುಕಿ, ಜನರ ಬಾಯಿಂದ ಕೇಳಿ ಬರೆದುಕೊಂಡು 1924ರಲ್ಲಿ ಈ ವಚನಗಳನ್ನು ಅಚ್ಚು ಹಾಕಿಸಿದರು. ಆ ಶ್ರಮಕ್ಕಾದರೂ ಬೆಲೆ ಬೇಡವೇ? ಅವರ ಸಂಪಾದನೆ ನೋಡಿ ಬರೆಸಿ.

ಮೆಕ್ಕೆಜೋಳ ಬೆಳೆಗಾರ

ಮೇಷ್ಟ್ರು ಹೇಳಿದ್ದು ಖರೆ. ನಮ್ಮಪ್ಪ ಸಾಲದ ನೋಟಿಸ್ ಬಂದಾಗೆಲ್ಲ ಊಟ ಬಿಡ್ತಿದ್ರು. ವಚನ ಯಾವ ಗೋಡೆಗಾದ್ರೂ ಇರಲಿ, ಅದರ ಪಕ್ಕ ಬಡ್ಡಿ ಎಷ್ಟು, ಕಟ್ಟೋ ಕೊನೆ ದಿನ ಯಾವುದು ಅಂತ ಅಷ್ಟೇ ದೊಡ್ಡ ಅಕ್ಷರದಾಗ ಬರೆಸ್ರಿ. ಅದನ್ನ ಕೇಳಾಕ ನಾಚಿಕೆ ಪಡೋ ಮಂದಿ ಭಾಳ ಅದಾರ.

ಸೊಸೈಟಿ ಸೆಕ್ರೆಟರಿ

ಎರಡೂ ಗೋಡೆ ವಿಚಾರ ಮಂಡಳಿ ಮುಂದೆ ಇಡ್ತೀನಿ, ಬಡ್ಡಿ ದರದ ಬೋರ್ಡ್ ಅಂತೂ ಬರೆಸೇ ಬರೆಸ್ತೀನಿ. ಮೇಷ್ಟ್ರೇ, ಉತ್ತಂಗಿಯವರ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಆ ಎರಡು ವಚನದ ಪುಟಗಳ ಫೋಟೋ ಹಾಕ್ತೀರಾ?